ಸ್ಟಿಯರಿಂಗಿಗೆ ಕಟ್ಟಿದ ಸೆರಗು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಜನವರಿಯ ಒಂದು ಭಾನುವಾರ. ಹೊರಗೆ ಸೊನ್ನೆಗಿಂತ ಎಂಟು ಡಿಗ್ರಿ ಫ್ಯಾರನ್‌ಹೀಟ್ ಕೆಳಗಿತ್ತು. ಇಷ್ಟನ್ನು ಈಗ ಯಾರು ಕೇಳಿದರೂ ತಡವರಿಸದೆ ಹೇಳಬಲ್ಲೆ. ಕೇಳಬೇಕಾದವರು ಕೇಳಿದ ದಿನ ಮಾತ್ರ ಹೇಳಲಿಲ್ಲ.

ಮೊನ್ನೆ ನನ್ನ ಹೆಂಡತಿ ನವರಾತ್ರಿಗೆಂದು ರೇಷ್ಮೆ ಸೀರೆಗಳ ಸೂಟ್‌ಕೇಸ್ ತೆರೆದಳು. ಮಡಿಕೆಗಳ ನಡುವೆ ಇಟ್ಟಿದ್ದ ಡಾಂಬರು ಗುಳಿಗೆಗಳ ವಾಸನೆ ಕೋಣೆಯನ್ನೆಲ್ಲ ತುಂಬಿತು. ಬೇರೆಯವರಿಗೆ ಆ ವಾಸನೆಯಿಂದ ಅಜ್ಜಿಯ ಪೆಟ್ಟಿಗೆ ನೆನಪಾಗಬಹುದು, ಮದುವೆಮನೆ ನೆನಪಾಗಬಹುದು. ನನಗೆ ನಾವು ಮೊದಲಿದ್ದ ಅರೋರಾ ಊರಿನ ಒಂದು ಗರಾಜು ನೆನಪಾಗುತ್ತದೆ. ಹತ್ತಿಯ ಬಟ್ಟೆ ಹೊದ್ದು ಮಲಗಿದ ಒಂದು ಕೆಂಪು ಕಾರು, ಅದರ ಸುತ್ತ ಇಲಿ ಬಾರದಂತೆ ಹಳೆಯ ಕಾಲುಚೀಲಗಳಲ್ಲಿ ಕಟ್ಟಿಟ್ಟ ಗುಳಿಗೆಗಳು, ಮತ್ತು ಕಾರಿನ ಪಕ್ಕದಲ್ಲಿ ಬರಿಗಾಲಲ್ಲಿ ಬಿದ್ದಿದ್ದ ಅವರು...

ಅವರನ್ನು ನಾವು ಅಂಕಲ್ ಎಂದೇ ಕರೆಯುತ್ತಿದ್ದೆವು. ತಮ್ಮ ಮನೆಯ ಮೇಲಿನ ಮಹಡಿಯನ್ನು ನನಗೂ ನನ್ನ ಹೆಂಡತಿಗೂ ಬಾಡಿಗೆಗೆ ಕೊಟ್ಟವರು. ಮೂಲ ಧಾರವಾಡದ ಕಡೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಡೆಟ್ರಾಯಿಟ್‌ನಲ್ಲಿ ಕಾರಿನ ಇಂಜಿನ್‌ಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದರು. ನಿವೃತ್ತಿಯಾದ ಮೇಲೆ ಬಾಲಾಜಿ ದೇವಸ್ಥಾನಕ್ಕೆ ಹತ್ತಿರ ಇರಬೇಕೆಂಬುದು ಆಂಟಿಯ ಆಸೆಯಾಗಿತ್ತಂತೆ. ಹಾಗೆ ಅರೋರಾಕ್ಕೆ ಬಂದು, ಬಂದ ಮೂರನೆಯ ವರ್ಷಕ್ಕೆ ಆಂಟಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಡಾಕ್ಟರು, ಡೆಟ್ರಾಯಿಟ್ ಹತ್ತಿರದ ನೋವೈಯಲ್ಲಿದ್ದರು. ನಾವು ಆ ಮನೆಗೆ ಹೋಗುವ ಹೊತ್ತಿಗೆ ಕೆಳಗಿನ ಮನೆಯಲ್ಲಿ ಅಂಕಲ್ ಒಬ್ಬರೇ. ಅವರ ಮಲಗುವ ಕೋಣೆಯ ಗೋಡೆಗೆ ಅಂಟಿಕೊಂಡೇ ಗರಾಜು, ಗರಾಜಿನಲ್ಲಿ ಆ ಕಾರು.

ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ನಿವೃತ್ತಿಯ ವರ್ಷ ಯಾರಿಂದಲೋ ಕೊಂಡು, ಇಂಜಿನ್ ಬಿಚ್ಚಿ ಮತ್ತೆ ಕೂಡಿಸಿದ್ದರು. ಆಂಟಿ ಅದರಲ್ಲಿ ಇಳಕಲ್ ಸೀರೆ ಉಟ್ಟು, ಸೆರಗು ಗಾಳಿಗೆ ಹಾರದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಕೂರುತ್ತಿದ್ದರಂತೆ. ಬೇಸಿಗೆಯಲ್ಲಿ ಒಮ್ಮೆ ನನ್ನನ್ನು ಕೂರಿಸಿಕೊಂಡು ಲಿಸ್ಲ್‌ನ ನನ್ನ ಆಫೀಸಿಗೆ ಬಿಟ್ಟರು. ಪಾರ್ಕಿಂಗ್ ಲಾಟ್‌ನಲ್ಲಿ ನನ್ನ ಮ್ಯಾನೇಜರ್ ನಿಂತು ನೋಡಿದ. ಇಳಿಯುವಾಗ ಅಂಕಲ್ ಅಂದರು: "ನಿನ್ನ ಸಾಹೇಬನ ಮಾರಿ ನೋಡಲ್ಲಿ. ನಾಳಿಂದ ನಿನಗ ಕೆಲಸ ಜಾಸ್ತಿ ಕೊಡತಾನ."

ಆ ಕಾರನ್ನು ಚಳಿಗಾಲಕ್ಕೆ ಮಲಗಿಸುವುದು ಅವರ ಮನೆಯ ಒಂದು ಹಬ್ಬ. ಆಯುಧಪೂಜೆಯ ದಿನ ತೊಳೆದು, ಕುಂಕುಮ ಹಚ್ಚಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುತ್ತಿದ್ದರು. ಅದಾದ ವಾರಕ್ಕೆ ಕೊನೆಯದಾಗಿ ಇಪ್ಪತ್ತು ಮೈಲಿ ಓಡಿಸಿ ಬಂದು, ಬಿಸಿ ಇರುವಾಗಲೇ ಹಳೆಯ ಆಯಿಲ್ ಇಳಿಸಿ ಹೊಸದು ತುಂಬುತ್ತಿದ್ದರು. ಟ್ಯಾಂಕ್ ಪೂರ್ತಿ ತುಂಬಿಸಿ ಪೆಟ್ರೋಲ್ ಕೆಡದಂತೆ ಒಂದು ದ್ರವ ಹಾಕುತ್ತಿದ್ದರು. ಹ್ಯಾಂಡ್‌ಬ್ರೇಕ್ ಹಾಕುವಂತಿಲ್ಲ, ಚಳಿಗೆ ಕಚ್ಚಿಕೊಳ್ಳುತ್ತದೆ. ಚಕ್ರಕ್ಕೆ ಮರದ ತುಂಡು ಕೊಡಬೇಕು. ಹೊಗೆಕೊಳವೆಯ ಬಾಯಿಗೆ ಸ್ಟೀಲ್ ವೂಲ್, ಅಂದರೆ ಉಕ್ಕಿನ ನಾರಿನ ಉಂಡೆ, ತುರುಕಬೇಕು, ಇಲಿ ನುಗ್ಗದಂತೆ. ಬ್ಯಾಟರಿಗೆ ಒಂದು ಸಣ್ಣ ಚಾರ್ಜರ್. ಅದರ ಹಸಿರು ದೀಪ ಚಳಿಗಾಲವಿಡೀ ಉರಿಯುತ್ತಿರಬೇಕು. ಇದನ್ನೆಲ್ಲ ಒಂದು ಹಾಳೆಯ ಮೇಲೆ ಗುಂಡಗಿನ ಕನ್ನಡ ಅಕ್ಷರದಲ್ಲಿ ಬರೆದು ಗರಾಜಿನ ಗೋಡೆಗೆ ಅಂಟಿಸಿದ್ದರು.

ಕೊನೆಗೆ, ಆಂಟಿಯ ಹರಿದ ಇಳಕಲ್ ಸೀರೆಯ ಕೆಂಪು ಸೆರಗಿನಿಂದ ಕತ್ತರಿಸಿದ ಒಂದು ಪಟ್ಟಿಯನ್ನು ಸ್ಟಿಯರಿಂಗಿಗೆ ಗಂಟು ಹಾಕಿ ಕಟ್ಟುತ್ತಿದ್ದರು.

"ಯುಗಾದಿತನಕ ಇದನ್ನ ಬಿಚ್ಚಂಗಿಲ್ಲ. ಬಿಚ್ಚಿದ್ರ ಆಕಿ ಬೈತಾಳ."

ಆ ವರ್ಷ ನಾನು ಅವರ ಜೊತೆ ನಿಂತು ಸಹಾಯ ಮಾಡಿದೆ. ಮಾಡುತ್ತ, ನಮ್ಮಪ್ಪ ಮೈಸೂರಿನಲ್ಲಿ ಮಳೆಗಾಲದಲ್ಲಿ ಸ್ಕೂಟರನ್ನು ಓಡಿಸದಿದ್ದರೂ ದಿನಾ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡುತ್ತಿದ್ದುದನ್ನು ಹೇಳಿದೆ. ನಿಂತ ಗಾಡಿಗೆ ಆಗಾಗ ಉಸಿರು ಕೊಡಬೇಕು ಎಂಬುದು ನಮ್ಮಪ್ಪನ ಮಾತು. ಈ ಕಾರಿಗೂ ವಾರಕ್ಕೊಮ್ಮೆ ಹಾಗೆ ಮಾಡಬಾರದೇ ಎಂದು ಕೇಳಿದೆ.

ಅಂಕಲ್ ಮರದ ತುಂಡನ್ನು ಚಕ್ರದ ಕೆಳಗೆ ಒದ್ದು ಕೂರಿಸಿ ನನ್ನ ಕಡೆ ತಿರುಗಿದರು.

"ಇಂಜಿನ್ ಮಲಗಿಸೂದಂದ್ರ ಕೂಸು ಮಲಗಿಸಿದಂಗ ತಮ್ಮಾ. ಮಲಗಿಸಿದ ಮ್ಯಾಲ ನಿದ್ದಿ ಬಂತೇನು ಅಂತ ಅಲುಗಾಡಿಸಿ ನೋಡಬಾರದು. ಐದು ನಿಮಿಷ ಚಾಲೂ ಮಾಡಿದ್ರ ಬ್ಯಾಟರಿ ತುಂಬೂದಿಲ್ಲ, ಒಳಗ ನೀರು ಕಟ್ಟತೈತಿ ಅಷ್ಟ. ಇನ್ನೊಂದು ಮಾತು. ನಿಮ್ಮಪ್ಪನ ಸ್ಕೂಟರ್ ಅಂಗಳದಾಗ ನಿಂತಿರತಿತ್ತು, ಹೊಗಿ ಗಾಳಿಗೆ ಹೋಗತಿತ್ತು. ಇಲ್ಲಿ ಗರಾಜಿಗೂ ನನ್ನ ಹಾಸಿಗಿಗೂ ನಡುವ ಒಂದ ಗ್ವಾಡಿ. ತಿಳೀತೇನು?"

"ತಿಳೀತು ಅಂಕಲ್."

ನಿಜಕ್ಕೂ ತಿಳಿದಿತ್ತು. ನಾನು ಇಂಜಿನಿಯರಿಂಗ್ ಓದಿದವನು. ಕಾರ್ಬನ್ ಮಾನಾಕ್ಸೈಡ್ ಎಂದರೇನು, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂಬುದನ್ನು ಹೈಸ್ಕೂಲಿನಲ್ಲೇ ಬರೆದು ಅಂಕ ತೆಗೆದುಕೊಂಡವನು. ಗೊತ್ತಿರಲಿಲ್ಲ ಎನ್ನುವ ಸಮಾಧಾನ ನನಗಿಲ್ಲ.

ನವೆಂಬರ್‌ನಲ್ಲಿ ನಾವು ಸತ್ಯನಾರಾಯಣ ಪೂಜೆ ಇಟ್ಟುಕೊಂಡೆವು. ಮೇಲಿನ ಮಹಡಿ ಚಿಕ್ಕದು, ಕೆಳಗೇ ಮಾಡಿರಿ ಎಂದರು ಅಂಕಲ್. ಅಡುಗೆಮನೆಯ ಪಕ್ಕದ, ಮನೆಯೊಳಗಿನ ಇಕ್ಕಟ್ಟು ಓಣಿಯಲ್ಲಿ, ಅವರ ಕೋಣೆಯ ಬಾಗಿಲ ನೆತ್ತಿಗೆ ಇಡೀ ಮನೆಗೆ ಒಂದೇ ಅಲಾರಂ ಇತ್ತು. ಹೊಗೆಗೂ ಅದೇ, ವಿಷಗಾಳಿಗೂ ಅದೇ. ಇಲ್ಲಿರುವ ನಮ್ಮವರ ಮನೆಗಳಲ್ಲಿ ಈ ಅಲಾರಂ ಪಡುವ ಪಾಡು ಎಲ್ಲರಿಗೂ ಗೊತ್ತು. ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದರೆ ಕೂಗುತ್ತದೆ, ಕರ್ಪೂರಕ್ಕೆ ಕೂಗುತ್ತದೆ. ಒಬ್ಬರು ಟವೆಲ್ ಬೀಸುತ್ತಾರೆ, ಒಬ್ಬರು ಕುರ್ಚಿ ಹತ್ತುತ್ತಾರೆ. ನಾನು ಪೂಜೆಗೆ ಮೊದಲೇ ಕುರ್ಚಿ ಹತ್ತಿ ಅದನ್ನು ತಿರುಗಿಸಿ ಕಳಚಿ, ಬ್ಯಾಟರಿ ತೆಗೆದು, ಮೇಲೆ ನಮ್ಮ ಅಡುಗೆಮನೆಯ ಸೌಟುಗಳ ಡ್ರಾಯರ್‌ನಲ್ಲಿ ಇಟ್ಟೆ. ಅಂಕಲ್ ನೋಡಿದರು.

"ಸಂಜಿಗೆ ವಾಪಸ್ ಹಾಕಬೇಕು ಮತ್ತ."

"ಖಂಡಿತ ಹಾಕ್ತೀನಿ ಅಂಕಲ್."

"ನಿಮ್ಮ ಮೈಸೂರಿನವರ ‘ಖಂಡಿತ’ ಕೇಳಾಕ ಭಾಳ ಚಂದ." ಪಂಚಾಮೃತದ ಬಟ್ಟಲು ಹಿಡಿದು ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಆ ಬ್ಯಾಟರಿಗಳನ್ನು ಅದೇ ವಾರ ದೇವರ ಮುಂದಿನ ಮಂತ್ರ ಹೇಳುವ ಪುಟ್ಟ ಪೆಟ್ಟಿಗೆಗೆ ಹಾಕಿದೆ. ಅಲಾರಂ ಡ್ರಾಯರ್‌ನಲ್ಲೇ ಉಳಿಯಿತು. ಸೌಟು ತೆಗೆಯುವಾಗ ನನ್ನ ಕೈಗೆ ಎಷ್ಟೋ ಸಲ ತಾಗಿದೆ. ನಾಳೆ, ಎಂದುಕೊಂಡು ಡ್ರಾಯರ್ ಮುಚ್ಚಿದ್ದೇನೆ.

ಡಿಸೆಂಬರ್‌ನಲ್ಲಿ ನನ್ನ ಕಾರನ್ನು ವ್ಯಾಕ್ಯೂಮ್ ಮಾಡಲು ಗರಾಜಿನ ಪ್ಲಗ್ ಬೇಕಾಯಿತು. ಅಂಕಲ್ ಕಾರಿನ ಚಾರ್ಜರ್ ಕಿತ್ತು ನನ್ನದನ್ನು ಚುಚ್ಚಿದೆ. ಕೆಲಸ ಮುಗಿಸಿ ನನ್ನದನ್ನು ಕಿತ್ತೆ. ಅವರದನ್ನು ಮತ್ತೆ ಚುಚ್ಚಲಿಲ್ಲ. ಮರೆತೆ.

ಆ ಭಾನುವಾರ ನನ್ನ ಹೆಂಡತಿ ದೇವಸ್ಥಾನದ ಅಡುಗೆಮನೆಗೆ ಸೇವೆಗೆ ಹೋಗಿದ್ದಳು. ಅಂಕಲ್‌ಗೆ ಮೂರು ದಿನದಿಂದ ನೆಗಡಿ ಜ್ವರ. ಮಾತ್ರೆ ನುಂಗಿ ಮಲಗಿದ್ದರು. ನಾನು ಉಪ್ಪಿನ ಚೀಲ ತೆಗೆದುಕೊಳ್ಳಲು ಗರಾಜಿಗೆ ಹೋದೆ, ಮೆಟ್ಟಿಲ ಮೇಲಿನ ಮಂಜುಗಡ್ಡೆ ಕರಗಲು ಎರಚೋಣವೆಂದು. ಹಸಿರು ದೀಪ ಇರಲಿಲ್ಲ.

ಆಗ ನಾನು ಮಾಡಬೇಕಾದದ್ದು ಇಷ್ಟೇ: ಚಾರ್ಜರ್ ಚುಚ್ಚಿ, ಅಂಕಲ್ ಎದ್ದ ಮೇಲೆ ತಪ್ಪಾಯಿತು ಎನ್ನುವುದು. ಚಾರ್ಜರ್ ಚುಚ್ಚಿದೆ. ಕೆಂಪು ದೀಪ ಬಂತು. ಬ್ಯಾಟರಿ ಇಳಿದಿದೆ ಎಂದರ್ಥ. ಅವರು ಸಂಜೆ ಬಂದು ನೋಡುವುದು, ‘ಮೈಸೂರಿನವರು’ ಎಂದು ಶುರು ಮಾಡುವುದು, ಮುಂದಿನ ಪೂಜೆಯಲ್ಲಿ ಹತ್ತು ಜನರ ಮುಂದೆ ಅದನ್ನು ಕಥೆ ಮಾಡಿ ಹೇಳುವುದು, ಎಲ್ಲ ಒಂದು ಕ್ಷಣದಲ್ಲಿ ಕಣ್ಣ ಮುಂದೆ ಬಂತು. ಆ ನಗುವಿಗೆ ಹೆದರಿದೆ. ಬೇರೆ ದೊಡ್ಡ ಕಾರಣ ಯಾವುದೂ ಇರಲಿಲ್ಲ. ಐದಾರು ನಿಮಿಷ ಇಂಜಿನ್ ಓಡಿಸಿದರೆ ದೀಪ ಹಸಿರಾದೀತು ಎಂದುಕೊಂಡೆ. ಎದುರಿಗಿನ ಹಾಳೆಯಲ್ಲಿ ಅವರ ಅಕ್ಷರ ಕಾಣುತ್ತಿತ್ತು. ಆದರೂ ನನ್ನ ಕೈಗೆ ನೆನಪಿದ್ದದ್ದು ನಮ್ಮಪ್ಪನ ಸ್ಕೂಟರ್.

ಕಾರಿನ ಹೊದಿಕೆ ಸರಿಸಿದೆ. ಕೊಳವೆಯಿಂದ ಸ್ಟೀಲ್ ವೂಲ್ ಎಳೆದೆ. ಮೊಳೆಗೆ ತೂಗುಹಾಕಿದ್ದ ಕೀಲಿ ತೆಗೆದುಕೊಂಡು ಒಳಗೆ ಕೂತೆ. ಸ್ಟಿಯರಿಂಗಿನ ಗಂಟು ಬಿಗಿಯಾಗಿತ್ತು. ಉಗುರಿನಿಂದ ಬಿಡಿಸಿ ಪಟ್ಟಿಯನ್ನು ಜಾಕೆಟ್ ಜೇಬಿಗೆ ಹಾಕಿಕೊಂಡೆ. ಎರಡು ಸಲ ನರಳಿ ಮೂರನೆಯ ಸಲಕ್ಕೆ ಇಂಜಿನ್ ಹೊತ್ತಿತು. ಫೋನ್ ನೋಡಿದೆ. ಹತ್ತು ನಲವತ್ತು.

ಗರಾಜಿನ ದೊಡ್ಡ ಬಾಗಿಲನ್ನು ಒಂದಡಿ ಎತ್ತಿದ್ದೆ. ಪೂರ್ತಿ ಎತ್ತಿದರೆ ಹಿಮ ಒಳಗೆ ನುಗ್ಗುತ್ತಿತ್ತು, ಬಾಗಿಲಿನ ಸದ್ದಿಗೆ ಅವರಿಗೆ ಎಚ್ಚರವೂ ಆಗುತ್ತಿತ್ತು. ಒಂದಡಿ ಸಾಕು ಅನ್ನಿಸಿತು. ಅಷ್ಟರಲ್ಲಿ ಆಫೀಸಿನ ಕರೆ ಬಂತು. ಏನೋ ಕೆಟ್ಟು ನಿಂತಿದೆ, ತಕ್ಷಣ ಲಾಗಿನ್ ಆಗು. ಲ್ಯಾಪ್‌ಟಾಪ್ ಮೇಲಿತ್ತು. ಐದು ನಿಮಿಷದಲ್ಲಿ ಬಂದು ಆರಿಸುತ್ತೇನೆ ಎಂದುಕೊಂಡು ಮೆಟ್ಟಿಲು ಹತ್ತಿದೆ. ಹತ್ತುವ ಮುಂಚೆ ಗರಾಜಿಗೂ ಮನೆಗೂ ನಡುವಿನ ಬಾಗಿಲನ್ನು ಸ್ವಲ್ಪ ತೆರೆದೇ ಬಿಟ್ಟೆ, ಇಂಜಿನ್ ಸದ್ದು ಕೇಳಿಸುತ್ತಿರಲಿ, ಮರೆಯಬಾರದು ಎಂದು. ಆಮೇಲೆ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡೆ.

ಇದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಮತ್ತೆ ಮಾಡಿದ್ದೇನೋ. ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತೇನೆ. ಗಂಟು ಬಿಚ್ಚುವಲ್ಲಿ ನಿಲ್ಲುತ್ತೇನೆ. ಬಾಗಿಲು ತೆರೆದಿಡುವಲ್ಲಿ ನಿಲ್ಲುತ್ತೇನೆ. ಸೌಟಿನ ಡ್ರಾಯರ್ ಮುಚ್ಚುವಲ್ಲಿ...

ಕರೆ ಐವತ್ತು ನಿಮಿಷ ನಡೆಯಿತು. ನಡುವೆ ತಲೆ ಸಿಡಿಯಲು ಶುರುವಾಯಿತು. ಇಷ್ಟು ಜನ ಒಟ್ಟಿಗೆ ಮಾತಾಡಿದರೆ ಇನ್ನೇನಾಗುತ್ತದೆ ಎಂದು ಬೈದುಕೊಂಡೆ. ಹನ್ನೊಂದೂವರೆಗೆ ಹೆಡ್‌ಸೆಟ್ ತೆಗೆದಾಗ ಕೆಳಗೆ ಗರಾಜಿನ ದೊಡ್ಡ ಬಾಗಿಲು ಗಡಗಡ ಎನ್ನುತ್ತ ಮೇಲೇರುವ ಸದ್ದು ಕೇಳಿಸಿತು. ಇಂಜಿನ್ ಸದ್ದು ಇರಲಿಲ್ಲ. ಆಗ ನೆನಪಾಯಿತು. ಎದ್ದರೆ ಕಾಲು ನನ್ನವೇ ಅಲ್ಲ ಎನ್ನುವಂತಾಯಿತು. ಗೋಡೆ ಹಿಡಿದು ಇಳಿದೆ.

ಬಾಗಿಲು ಪೂರ್ತಿ ತೆರೆದಿತ್ತು. ಹಿಮ ಒಳಗೆ ಹಾರಿ ಬರುತ್ತಿತ್ತು. ಅಂಕಲ್ ಕಾರಿಗೂ ಗೋಡೆಯ ಸ್ವಿಚ್ಚಿಗೂ ನಡುವೆ ಬಿದ್ದಿದ್ದರು. ಬನಿಯನ್, ಪಂಚೆ, ಬರಿಗಾಲು. ಬಲಗೈ ಮುಷ್ಟಿಯಲ್ಲಿ ಕಾರಿನ ಕೀಲಿ.

ಜ್ವರದ ನಿದ್ದೆಯಲ್ಲೂ ಅವರಿಗೆ ಆ ಇಂಜಿನ್ ಸದ್ದು ಕೇಳಿಸಿತ್ತು. ಎದ್ದು, ಗೋಡೆ ಹಿಡಿದು ಬಂದು, ಇಂಜಿನ್ ಆರಿಸಿ, ಸ್ವಿಚ್ ಒತ್ತಿ ಬಾಗಿಲು ಎತ್ತಿ, ಬಿದ್ದಿದ್ದರು. ಬೀಳುವ ಮುಂಚೆ ಮೇಲಿದ್ದ ನನ್ನ ಜೀವ ಉಳಿಸಿದ್ದರು. ಇದು ನನಗೆ ಅವರನ್ನು ನೋಡಿದ ಕ್ಷಣದಲ್ಲೇ ಗೊತ್ತಾಯಿತು. ನನಗೆ ಮಾತ್ರ ಗೊತ್ತಾಯಿತು.

ಕಂಕುಳಿಗೆ ಕೈ ಹಾಕಿ ಅವರನ್ನು ಗರಾಜಿನ ಮುಂದಿನ ಡ್ರೈವ್‌ವೇಗೆ ಎಳೆದೆ. ಹಿಮದ ಮೇಲೆ ಅವರ ಹಿಮ್ಮಡಿಗಳು ಎರಡು ಗೆರೆ ಬರೆದವು. ಅದೇ ಹೊತ್ತಿಗೆ ನನ್ನ ಹೆಂಡತಿಯ ಕಾರು ತಿರುಗಿ ಬಂತು. ಅವಳ ಕೈಯಲ್ಲಿದ್ದ ಪುಳಿಯೋಗರೆಯ ಡಬ್ಬಿ ಕೆಳಗೆ ಬಿತ್ತು. ತುರ್ತು ನಂಬರಿಗೆ ಕರೆ ಮಾಡಿದವಳು ಅವಳೇ. ಅಂಕಲ್ ಉಸಿರಾಡುತ್ತಿದ್ದರು. ಕಣ್ಣು ಅರೆತೆರೆದು ಏನೋ ಅಂದರು. ಕಿವಿ ಹತ್ತಿರ ಇಟ್ಟೆ. "ಕೂಸು," ಅಂದರು. "ಕೂಸು ಎದ್ದೈತಿ."

ಅಗ್ನಿಶಾಮಕದವರು ಕೈಯಲ್ಲಿ ಮೀಟರ್ ಹಿಡಿದು ಮನೆಯೆಲ್ಲ ತಿರುಗಿದರು. ಓಣಿಯಲ್ಲಿ ಬಾಗಿಲ ನೆತ್ತಿಗೆ ಅಲಾರಂ ಇಲ್ಲದ ಖಾಲಿ ಗುಂಡನೆಯ ಗುರುತನ್ನು ನೋಡಿ ಒಬ್ಬ ಕೇಳಿದ. ಪೂಜೆಯ ಹೊಗೆಗೆಂದು ತೆಗೆದಿದ್ದೆವು ಎಂದೆ. ತೆಗೆದವನು ನಾನೊಬ್ಬನೇ. ಆಮೇಲೆ ಅವನು, ಕಾರನ್ನು ಯಾರು ಸ್ಟಾರ್ಟ್ ಮಾಡಿದರು ಎಂದು ಕೇಳಿದ. ಜೇಬಿನಲ್ಲಿ ನನ್ನ ಬೆರಳು ಸೆರಗಿನ ಪಟ್ಟಿಗೆ ತಾಗುತ್ತಿತ್ತು.

"ನಾನು ಮೇಲೆ ಆಫೀಸ್ ಕಾಲ್‌ನಲ್ಲಿದ್ದೆ," ಎಂದೆ.

ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅವನು ತಲೆಯಾಡಿಸಿ, ಮುಷ್ಟಿಯಲ್ಲಿ ಕೀಲಿಯಿದ್ದ ಮುದುಕರ ವಯಸ್ಸು ಕೇಳಿ ಬರೆದುಕೊಂಡ. ಗ್ರೀನ್ ಕಾರ್ಡಿನ ಅರ್ಜಿ, ಪೊಲೀಸ್ ಕೇಸು, ವೀಸಾ, ಇವೆಲ್ಲ ಆಮೇಲೆ ನನಗೆ ನಾನೇ ಹೇಳಿಕೊಂಡ ಕಾರಣಗಳು. ಆ ಕ್ಷಣದಲ್ಲಿ ಅವು ಯಾವುವೂ ತಲೆಯಲ್ಲಿರಲಿಲ್ಲ. ಬರೀ ಪುಕ್ಕಲುತನ ಇತ್ತು.

ಮಗಳು ನೋವೈಯಿಂದ ಡ್ರೈವ್ ಮಾಡಿಕೊಂಡು ಸಂಜೆಯೊಳಗೆ ಆಸ್ಪತ್ರೆಗೆ ಬಂದರು. ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಅಂಕಲ್ ಎಚ್ಚರವಾಗಿದ್ದರು.

"ಅಪ್ಪಾ, ವೈ? ಯಾಕ್ ಸ್ಟಾರ್ಟ್ ಮಾಡ್ದಿ?"

"ನಾ ಮಾಡಿಲ್ಲವಾ."

"ಕೀ ನಿನ್ನ ಹ್ಯಾಂಡ್‌ನಲ್ಲಿತ್ತು ಅಪ್ಪಾ."

ಬೆಳಗಿನ ಯಾವ ನೆನಪೂ ಅವರಿಗಿರಲಿಲ್ಲ. ಆ ಗಾಳಿ ಹಾಗೆ ಮಾಡುತ್ತದೆ ಎಂದು ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ಅವರು ತಮ್ಮ ಬಲಗೈಯನ್ನು ಎತ್ತಿ, ಬೇರೆ ಯಾರದೋ ಕೈ ಎನ್ನುವಂತೆ ನೋಡಿಕೊಂಡರು. "ಹಂಗಾರ ಮಾಡಿರಬೇಕು," ಅಂದರು. ನಾನು ಮಂಚದ ಕಾಲ ಬಳಿ ನಿಂತಿದ್ದೆ. ಅವರಿಗೂ ನನಗೂ ನಡುವೆ ನಾಲ್ಕಡಿ ಇರಬಹುದು.

ಮನೆಗೆ ಬಂದ ಮೇಲೆ ಅಂಕಲ್ ಬೇರೆಯವರಾದರು. ಯಾರನ್ನೂ ಏನನ್ನೂ ಕೇಳದೆ ತಮ್ಮಷ್ಟಕ್ಕೆ ತೀರ್ಮಾನ ಮಾಡುತ್ತಿದ್ದ ಮನುಷ್ಯ, ಒಲೆ ಆರಿಸಿ ಮೂರು ಸಲ ಹೋಗಿ ನೋಡತೊಡಗಿದರು. ನೆನಪಿನ ಪರೀಕ್ಷೆಗೆ ಕರೆದೊಯ್ದರೆ, ಗಡಿಯಾರದ ಚಿತ್ರ ಸರಿಯಾಗಿಯೇ ಬರೆದು, ಸರಿ ಐತೇನು ಎಂದು ಮಗಳ ಮುಖ ನೋಡಿದರಂತೆ. ಒಂದು ಮಧ್ಯಾಹ್ನ ಗರಾಜಿನಲ್ಲಿ ಗೋಡೆಯ ಹಾಳೆಯ ಮುಂದೆ ನಿಂತಿದ್ದರು. ನನ್ನನ್ನು ನೋಡಿ, "ನಾ ಬರದದ್ದು ನಾನ ಓದಲಿಲ್ಲ ನೋಡು," ಎಂದು ನಕ್ಕರು. ಕಾರಿನೊಳಗೆ ಬಗ್ಗಿ, ಸೆರಗಿನ ಪಟ್ಟಿ ಎಲ್ಲಿ ಹೋಯಿತು ತಮ್ಮಾ, ಎಲ್ಲಿ ಇಟ್ಟೆನೋ ಏನೋ ಎಂದು ಸೀಟಿನ ಕೆಳಗೆ ಹುಡುಕಿದರು. ನಾನೂ ಅವರ ಜೊತೆ ಬಗ್ಗಿ ಹುಡುಕಿದೆ... ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಫೆಬ್ರವರಿಯಲ್ಲಿ ಕಾರು ಕೊಂಡವನು ಟ್ರೇಲರ್ ತಂದ. ಹತ್ತಿಸುವಾಗ ಅಂಕಲ್ ಅವನಿಗೆ ಮಲಗಿಸುವ ಕ್ರಮವನ್ನೆಲ್ಲ ಇಂಗ್ಲಿಷಿನಲ್ಲಿ ಒಂದೊಂದಾಗಿ ಹೇಳಿದರು. ಟ್ರೇಲರ್ ಮೂಲೆ ತಿರುಗಿದ ಮೇಲೆ ನನ್ನ ಕಡೆ ನೋಡದೆ ಅಂದರು: "ಅವನ ಕೈಯಾಗರ ಜ್ವಾಕಿ ಇರತೈತಿ. ನನ್ನ ಕೈ ಇನ್ನ ನಂಬಂಗಿಲ್ಲ." ಮಾರ್ಚಿನಲ್ಲಿ, ಯುಗಾದಿಗೆ ಮುಂಚೆ, ಮಗಳು ಅವರನ್ನು ನೋವೈಗೆ ಕರೆದುಕೊಂಡು ಹೋದರು. ಮನೆ ಮಾರಾಟವಾಯಿತು. ನಾವು ಇಟಾಸ್ಕಾದ ಬೇರೊಂದು ಮನೆಗೆ ಬಂದೆವು.

ನನಗೆ ನಿದ್ದೆ ಇಲ್ಲದಾಗಿತ್ತು. ಮನೆ ಬೆಚ್ಚಗಿಡುವ ಫರ್ನೇಸ್ ಹೊತ್ತಿಕೊಳ್ಳುವ ಸದ್ದಿಗೆ ಧಡಕ್ಕನೆ ಎದ್ದು ಕೂರುತ್ತಿದ್ದೆ. ಗಂಟೆಗೊಮ್ಮೆ ಹೆಂಡತಿಯ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದೆ. ಆಘಾತವಾಗಿದೆ, ಪಾಪ ಎಂದು ಅವಳು ತಲೆ ಸವರುತ್ತಿದ್ದಳು. ಆ ಕರುಣೆಯನ್ನೂ ನಾನು ಸುಮ್ಮನೆ ತೆಗೆದುಕೊಂಡೆ.

ಕೊನೆಗೆ ನಾನಾಗಿಯೇ ಹೋಗಿ ಹೇಳಿದೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಅಕ್ಟೋಬರ್‌ನಲ್ಲಿ ಚಳಿ ಶುರುವಾದಾಗ ನನ್ನ ಹೆಂಡತಿ ಆ ಜಾಕೆಟ್ ಒಗೆಯಲು ತೆಗೆದು ಜೇಬು ನೋಡಿದಳು. ಪಟ್ಟಿ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಳು. ಡಾಂಬರು ಗುಳಿಗೆಯ ವಾಸನೆ ಇನ್ನೂ ಹೋಗಿರಲಿಲ್ಲ.

"ರೀ, ಇದು ಅಂಕಲ್ ಕಾರಿಂದಲ್ವಾ? ನಿಮ್ಮ ಜೇಬಲ್ಲಿ ಯಾಕಿದೆ?"

ಹೇಳಿದೆ. ಅವಳು ನೆಲದ ಮೇಲೆ ಕೂತುಬಿಟ್ಟಳು. "ಆ ಮನುಷ್ಯ ಒಂಬತ್ತು ತಿಂಗಳಿಂದ ತನಗೆ ತಲೆ ಕೆಟ್ಟಿದೆ ಅಂದ್ಕೊಂಡಿದಾರೆ," ಎಂದಳು. "ನೀವು ಹೇಳ್ತೀರೋ, ನಾನು ಹೇಳ್ಲೋ?"

ಅದಾದ ಮೇಲೂ ನಾನು ಎರಡು ವಾರ ಸಬೂಬು ಹೇಳಿದೆ. ನವೆಂಬರ್‌ನ ಒಂದು ಶನಿವಾರ ಒಬ್ಬನೇ ನೋವೈಗೆ ಡ್ರೈವ್ ಮಾಡಿದೆ. ಸುಮಾರು ಐದು ತಾಸು. ದಾರಿಯಲ್ಲಿ ಎಕ್ಸಿಟ್ ಬಂದಾಗಲೆಲ್ಲ ತಿರುಗಿ ಹೋಗೋಣ ಅನ್ನಿಸುತ್ತಿತ್ತು.

ಅಂಕಲ್ ಕಿಟಕಿಯ ಪಕ್ಕ ಕಂಬಳಿ ಹೊದ್ದು ಕೂತಿದ್ದರು. ಇಳಿದುಹೋಗಿದ್ದರು. ಪಕ್ಕದ ಮೇಜಿನ ಮೇಲೆ ಒಂದು ನೋಟುಪುಸ್ತಕ. ಮಾತ್ರೆ ತೆಗೆದುಕೊಂಡೆ, ನಲ್ಲಿ ನಿಲ್ಲಿಸಿದೆ, ಬಾಗಿಲು ಹಾಕಿದೆ ಎಂದು ಅದೇ ಗುಂಡಗಿನ ಅಕ್ಷರದಲ್ಲಿ ಹೊತ್ತು ಹೊತ್ತಿಗೆ ಬರೆದಿಟ್ಟಿದ್ದರು. ನನ್ನನ್ನು ನೋಡಿ ಸಂತೋಷಪಟ್ಟರು. "ಬಾರೋ ಮೈಸೂರ, ದಾರಿ ತಪ್ಪಿ ಬಂದಿ ಏನು?" ನಾನು ಜೇಬಿನಿಂದ ಪಟ್ಟಿ ತೆಗೆದು ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ಮೂಗಿಗೆ ಹಿಡಿದರು.

"ಅವತ್ತು ಕಾರ್ ಸ್ಟಾರ್ಟ್ ಮಾಡಿದ್ದು ನಾನು ಅಂಕಲ್."

ಅವರು, ಟೆಸ್ಟ್ ರೂಮಿನಲ್ಲಿ ಕೆಟ್ಟ ಇಂಜಿನ್ನಿನ ಬಗ್ಗೆ ಕೇಳಿದಂತೆ ಕೇಳತೊಡಗಿದರು.

"ಎಷ್ಟಕ್ಕ?"

"ಹತ್ತು ನಲವತ್ತಕ್ಕೆ."

"ದೊಡ್ಡ ಬಾಗಲ ಎಷ್ಟು ಎತ್ತಿದ್ದಿ?"

"ಒಂದಡಿ."

"ಒಳಗಿನ ಬಾಗಲ?"

"ತೆಗೆದಿಟ್ಟಿದ್ದೆ. ಇಂಜಿನ್ ಸದ್ದು ಕೇಳಿಸ್ಲಿ ಅಂತ."

ಅವರು ಕಣ್ಣು ಮುಚ್ಚಿದರು. "ಕೊಳವಿ ಒಳಗಿನ ಸ್ಟೀಲ್ ವೂಲ್?"

"ತೆಗೆದಿದ್ದೆ ಅಂಕಲ್."

"ಶಾಣ್ಯಾ. ಅದೊಂದು ನೆನಪಿಟ್ಟಿದ್ದಿ."

ನನಗೆ ಅಳು ಬಂತು. ಅವರು ಅದನ್ನು ಗಮನಿಸಲಿಲ್ಲ. ಬಲಗೈಯನ್ನು ಎತ್ತಿ ಹಿಡಿದು ನೋಡುತ್ತಿದ್ದರು, ಆಸ್ಪತ್ರೆಯಲ್ಲಿ ನೋಡಿದ ಹಾಗೆಯೇ.

"ಹಂಗಾರ ಕೀಲಿ ನಾ ಬಂದ್ ಮಾಡಿದ್ದು. ಚಾಲೂ ಮಾಡಿದ್ದಲ್ಲ."

"ಅಲ್ಲ ಅಂಕಲ್. ನೀವು ಆರಿಸಿದ್ದು. ನೀವು ಏಳದಿದ್ರೆ ನಾನೂ..."

"ತಂಗೀ!" ಎಂದು ಅವರು ಮಗಳನ್ನು ಕೂಗಿದರು. ಆ ದನಿ ಅರೋರಾದ ದನಿ. ಮಗಳು ಓಡಿ ಬಂದರು. "ನಾ ಅಲ್ಲಂತ. ಕೇಳಿಲ್ಲಿ. ನಾ ಅಲ್ಲ. ನನ್ನ ತಲಿ ನೆಟ್ಟಗೈತಿ."

ಮತ್ತೊಮ್ಮೆ ನಾನು ಎಲ್ಲವನ್ನೂ ಮಗಳಿಗೆ ಹೇಳಬೇಕಾಯಿತು. ಮುಗಿದ ಮೇಲೆ ಅವರು ಮುಂಬಾಗಿಲು ತೆರೆದು ಹಿಡಿದು, "ಪ್ಲೀಸ್ ಲೀವ್," ಅಂದರು. ನಾನು ಅಂಕಲ್ ಕಡೆ ನೋಡಿದೆ. ಅವರು ಬೇಡ ಅನ್ನಲಿಲ್ಲ, ಕೂತ್ಕೋ ಅನ್ನಲಿಲ್ಲ. ನೋಟುಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು, ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಕಿಟಕಿಯಾಚೆ ನೋಡುತ್ತಿದ್ದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಮರುವರ್ಷ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಹೃದಯದ ತೊಂದರೆಯಂತೆ. ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಿದ್ದಾಗ ಯಾರೋ ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು. ನಮಗೆ ಯಾರೂ ತಿಳಿಸಿರಲಿಲ್ಲ. ತಿಳಿಸಬೇಕಾಗಿಯೂ ಇರಲಿಲ್ಲ. ಆ ಗಾಳಿ ಅವರ ಎದೆಗೆ ಏನು ಮಾಡಿತ್ತೋ, ಇನ್ನೆಷ್ಟು ಯುಗಾದಿಗಳನ್ನು ಕಿತ್ತುಕೊಂಡಿತೋ, ಯಾರನ್ನು ಕೇಳಲಿ. ಒಂದು ಲೆಕ್ಕ ಮಾತ್ರ ನನಗೆ ಗೊತ್ತಿದೆ. ತಮ್ಮ ಕೈಯನ್ನು ತಾವೇ ನಂಬದೆ ಅವರು ಕಳೆದ ಹತ್ತು ತಿಂಗಳು ನನ್ನಿಂದ ಹೋದದ್ದು.

ಮೊನ್ನೆ ಸೀರೆಗಳನ್ನು ಗಾಳಿಗೆ ಹರಡಿದ ಮೇಲೆ ಹೆಂಡತಿ ಕೇಳಿದಳು, "ಈ ಗುಳಿಗೆ ಎಸೆದುಬಿಡ್ಲಾ? ನಿಮಗೆ ಆಗಲ್ಲ ಅಲ್ವಾ." ಇರಲಿ ಎಂದೆ. ಕುರ್ಚಿ ಎಳೆದು ಹತ್ತಿ, ಓಣಿಯ ಅಲಾರಂನ ಗುಂಡಿ ಒತ್ತಿದೆ. ತಿಂಗಳಿಗೊಮ್ಮೆ ಒತ್ತುತ್ತೇನೆ. ಅದು ಕಿವಿ ಹರಿಯುವಂತೆ ಕೂಗಿತು. ಅದು ಕೂಗಿದಾಗಲೆಲ್ಲ ಆ ಒಂದು ಫೋನ್ ಕರೆ ನೆನಪಾಗುತ್ತದೆ.

ನಾನು ನೋವೈಗೆ ಹೋಗಿ ಬಂದ ಮೇಲಿನ ಡಿಸೆಂಬರ್. ಭಾನುವಾರ ಮಧ್ಯಾಹ್ನ, ಊಟ ಮುಗಿದಿತ್ತು. ಗುರುತಿಲ್ಲದ ನಂಬರು. ಎತ್ತಿದೆ. ಹೇಗಿದ್ದೀ ಇಲ್ಲ, ಏನೂ ಇಲ್ಲ.

"ಅಲಾರಂ ಹಚ್ಚಿಯೇನು?"

"ಹಾಕಿದೀನಿ ಅಂಕಲ್. ಎರಡು ಹಾಕಿದೀನಿ."

"ಖಂಡಿತ?"

ನಾನು ತಲೆ ಎತ್ತಿ ಓಣಿಯ ಅಲಾರಂ ನೋಡಿದೆ.

"ಗುಂಡಿ ಒತ್ತು. ನನಗ ಕೇಳಸಬೇಕು."

ಕುರ್ಚಿ ಹತ್ತಿದೆ. ಒಂದು ಕೈಯಲ್ಲಿ ಫೋನನ್ನು ಎತ್ತಿ ಹಿಡಿದು ಇನ್ನೊಂದರಿಂದ ಗುಂಡಿ ಒತ್ತಿದೆ. ಅಲಾರಂ ಕೂಗಿತು. ಹೆಂಡತಿ ಅಡುಗೆಮನೆಯಿಂದ ಓಡಿ ಬಂದು ನನ್ನನ್ನು ನೋಡುತ್ತ ನಿಂತಳು. ಕೂಗು ನಿಂತ ಮೇಲೂ ಸ್ವಲ್ಪ ಹೊತ್ತು ಆ ಕಡೆ ಉಸಿರು ಕೇಳುತ್ತಿತ್ತು.

"ಹೂಂ," ಅಂದರು. ಫೋನ್ ಇಟ್ಟರು.

ಅದು ಕ್ಷಮೆಯಲ್ಲ. ಕ್ಷಮೆ ಎಂದು ನಾನು ಯಾರಿಗೂ ಹೇಳಿಲ್ಲ. ಕೆಲಸ ಆಗಿದೆಯೋ ಇಲ್ಲವೋ ಎಂದು ಒಬ್ಬ ಇಂಜಿನಿಯರ್ ತಮ್ಮ ಕಿವಿಯಿಂದಲೇ ಕೇಳಿ ನೋಡಿಕೊಂಡದ್ದು, ಅಷ್ಟೇ. ಆದರೆ ಅವತ್ತು, ಆ ಭಾನುವಾರ, ಹನ್ನೊಂದು ತಿಂಗಳ ಮೇಲೆ ಮೊದಲ ಬಾರಿಗೆ ನಾನು ಫರ್ನೇಸಿನ ಸದ್ದಿಗೆ ಏಳಲಿಲ್ಲ. ಯಾರ ಉಸಿರನ್ನೂ ನೋಡಲಿಲ್ಲ. ಬೆಳಕು ಹರಿಯುವವರೆಗೂ ನಿದ್ದೆ ಮಾಡಿದೆ. ಅಷ್ಟು ಚೆನ್ನಾಗಿ ನಿದ್ದೆ ಬಂದದ್ದಕ್ಕೂ ಈಗ ನಾಚಿಕೆಯಾಗುತ್ತದೆ...